ಸಿಗಾರ್ ಸುತ್ತ ಸುತ್ತಿಕೊಂಡ ಕಥೆಗಳು

ಸಿಗಾರ್ ಎಂದರೆ ಕ್ಯೂಬಾ, ಕ್ಯೂಬಾ ಎಂದರೆ ಸಿಗಾರ್ ಎನ್ನುತ್ತಿದ್ದ ಕಾಲವಿತ್ತು. ಈಗ ಅಮೆರಿಕದ ಸಿಗಾರ್ ಅಂಗಡಿಗಳಲ್ಲಿ ‘ಬೊಟಿಕ್’ ಎಂಬ ಮಾತಿಗೆ ಬೆಲೆ ಬಂದಿದೆ. ಆಯ್ದ ಎಲೆಯನ್ನು ಕೈಯಲ್ಲಿ ಸುತ್ತಿಸಿ, ಕಡಿಮೆ ಸಂಖ್ಯೆಯಲ್ಲಿ ಮಾರುವ ಸಣ್ಣ ತಯಾರಕರಿಗೆ ಈ ಹೆಸರು. ಟಟುವಾಹೆ, ರೋಮಾ ಕ್ರಾಫ್ಟ್, ಡನ್‌ಬಾರ್ಟನ್, ಫೌಂಡೇಷನ್ ಇವೆಲ್ಲ ಈ ಸಾಲಿನವು. ಹೆಸರು ಬೆಳೆದಂತೆ ಅದರ ಸುತ್ತ ಕಥೆಗಳೂ ಬೆಳೆದಿವೆ. ಅವುಗಳಲ್ಲಿ ನಿಜವೆಷ್ಟು?

ತಪ್ಪು ಕಲ್ಪನೆ: ಬೊಟಿಕ್ ತಯಾರಕ ಎಂದರೆ ಸ್ವಂತ ತೋಟ, ಸ್ವಂತ ಕಾರ್ಖಾನೆ ಇರುವವನು.

ಸತ್ಯ: ‘ಬೊಟಿಕ್’ ಎನ್ನಲು ಕಾನೂನಿನ ವ್ಯಾಖ್ಯೆಯೇ ಇಲ್ಲ. ಯಾರು ಬೇಕಾದರೂ ಹಾಗೆ ಕರೆದುಕೊಳ್ಳಬಹುದು. ಪೀಟ್ ಜಾನ್ಸನ್ 2003ರಲ್ಲಿ ಟಟುವಾಹೆ ಆರಂಭಿಸಿದಾಗ ಅವರಿಗೆ ಕಾರ್ಖಾನೆ ಇರಲಿಲ್ಲ. ಕ್ಯೂಬಾ ಬಿಟ್ಟು ಬಂದಿದ್ದ ಪೆಪಿನ್ ಗಾರ್ಸಿಯಾ ಮಯಾಮಿಯ ಲಿಟಲ್ ಹವಾನಾದಲ್ಲಿ ನಡೆಸುತ್ತಿದ್ದ ಪುಟ್ಟ ಕಾರ್ಖಾನೆಯಲ್ಲಿ ಅದು ತಯಾರಾಯಿತು. ಡ್ರೂ ಎಸ್ಟೇಟ್ ಕಂಪನಿಯಲ್ಲಿ ಪಳಗಿದ ಸ್ಟೀವ್ ಸಾಕಾ 2015ರಲ್ಲಿ ಡನ್‌ಬಾರ್ಟನ್ ಕಟ್ಟಿದರು. ಅವರ ‘ಸೋಬ್ರೆಮೆಸಾ’ ಸಿಗಾರ್ ತಯಾರಾಗುವುದು ನಿಕರಾಗುವಾದ ಎಸ್ತೆಲಿ ಪಟ್ಟಣದಲ್ಲಿ 1968ರಲ್ಲಿ ಶುರುವಾದ ಹೋಯಾ ದೆ ನಿಕರಾಗುವಾ ಕಾರ್ಖಾನೆಯಲ್ಲಿ. ಅದೇ ಎಸ್ತೆಲಿಯಲ್ಲಿ ರೋಮಾ ಕ್ರಾಫ್ಟ್‌ನವರು ‘ನಿಕಾ ಸುಯೆನ್ಯೊ’ ಎಂಬ ತಮ್ಮದೇ ಚಿಕ್ಕ ಕಾರ್ಖಾನೆ ನಡೆಸುತ್ತಾರೆ. ಎರಡೂ ದಾರಿಯಲ್ಲಿ ಒಳ್ಳೆಯ ಸಿಗಾರ್ ಬಂದಿದೆ. ಸಣ್ಣದು ಸದಾ ಸಣ್ಣದಾಗಿಯೇ ಉಳಿಯುತ್ತದೆ ಎಂದೂ ಇಲ್ಲ. 1996ರಲ್ಲಿ ಇಬ್ಬರು ಗೆಳೆಯರು ಕಟ್ಟಿದ ಡ್ರೂ ಎಸ್ಟೇಟನ್ನು 2014ರಲ್ಲಿ ಸ್ವಿಷರ್ ಎಂಬ ದೈತ್ಯ ಕಂಪನಿ ಕೊಂಡಿತು. ಹಾಗಾಗಿ ಕೊಳ್ಳುವವರು ಕೇಳಬೇಕಾದದ್ದು ‘ಇದು ಬೊಟಿಕ್ಕೇ?’ ಎಂದಲ್ಲ, ಯಾವ ಕಾರ್ಖಾನೆ, ಎಲ್ಲಿಯ ಎಲೆ, ಮಿಶ್ರಣ ಯಾರದು ಎಂದು.

ತಪ್ಪು ಕಲ್ಪನೆ: ಅಸಲಿ ಸಿಗಾರ್ ಕ್ಯೂಬಾದ್ದು ಮಾತ್ರ. ಉಳಿದದ್ದೆಲ್ಲ ಅದರ ನಕಲು.

ಸತ್ಯ: ಕ್ಯೂಬಾದ ವುಯೆಲ್ಟಾ ಅಬಾಹೊ ಪ್ರದೇಶದ ಎಲೆಗೆ ಈಗಲೂ ಗೌರವವಿದೆ. ಆದರೆ 1960ರಲ್ಲಿ ಕ್ಯಾಸ್ಟ್ರೊ ಸರ್ಕಾರ ಸಿಗಾರ್ ಉದ್ಯಮವನ್ನು ರಾಷ್ಟ್ರೀಕರಿಸಿದ ಮೇಲೆ ಎಷ್ಟೋ ಹಳೆಯ ಮನೆತನಗಳು ಕಸುಬಿನ ಸಮೇತ ದೇಶ ಬಿಟ್ಟವು. 1962ರ ಅಮೆರಿಕದ ವ್ಯಾಪಾರ ನಿರ್ಬಂಧದಿಂದ ಅಲ್ಲಿನ ಮಾರುಕಟ್ಟೆಯೂ ಕ್ಯೂಬಾಕ್ಕೆ ಮುಚ್ಚಿತು. ಕ್ಯೂಬಾದ ಬೀಜ ಮತ್ತು ಕೈಚಳಕ ನಿಕರಾಗುವಾ, ಹೊಂಡುರಾಸ್, ಡೊಮಿನಿಕನ್ ಗಣರಾಜ್ಯಗಳಲ್ಲಿ ಬೇರೂರಿದವು. ಒಂದೇ ಹೆಸರಿನ ಎರಡು ಸಿಗಾರ್ ಇರುವುದೂ ಉಂಟು: ಹವಾನಾದ ಕೊಹಿಬಾ ಬೇರೆ, ಅಮೆರಿಕದಲ್ಲಿ ಮಾರುವ ಡೊಮಿನಿಕನ್ ಕೊಹಿಬಾ ಬೇರೆ. ಇನ್ನೊಂದು ಮಾತು: ಕ್ಯೂಬಾದಲ್ಲಿ ಉದ್ಯಮ ಸರ್ಕಾರದ ಹಿಡಿತದಲ್ಲಿದೆ. ಬೊಟಿಕ್ ತಯಾರಕರನ್ನು ಹುಡುಕುವವರು ನಿಕರಾಗುವಾದ ಎಸ್ತೆಲಿ, ಹೊಂಡುರಾಸ್‌ನ ದಾನ್ಲಿ, ಡೊಮಿನಿಕನ್ ಗಣರಾಜ್ಯದ ಸಾಂತಿಯಾಗೊ ಕಡೆಗೇ ನೋಡಬೇಕು.

ತಪ್ಪು ಕಲ್ಪನೆ: ಹೊಗೆಸೊಪ್ಪು ಎಲ್ಲ ಒಂದೇ. ಕಾಗದದಲ್ಲಿ ಸುತ್ತಿದರೆ ಸಿಗರೇಟು, ಎಲೆಯಲ್ಲಿ ಸುತ್ತಿದರೆ ಸಿಗಾರ್.

ಸತ್ಯ: ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಬ್ಯಾರನ್ ಎಂಬ ಸೊಪ್ಪು ಹದಗೊಳಿಸುವ ಮನೆ ಗೊತ್ತು. ಅಲ್ಲಿ ಬೆಳೆಯುವ ವರ್ಜೀನಿಯಾ ಸೊಪ್ಪನ್ನು ಬ್ಯಾರನ್‌ನಲ್ಲಿ ಸೌದೆಯ ಕಾವು ಕೊಟ್ಟು ಸುಮಾರು ವಾರದೊಳಗೆ ಹದಗೊಳಿಸುತ್ತಾರೆ. ಎಲೆಯ ಸಕ್ಕರೆ ಉಳಿದು ಹಳದಿ ಬಣ್ಣ ಬರುತ್ತದೆ. ಅದು ಸಿಗರೇಟಿಗೆ ಬೇಕಾದ ಸೊಪ್ಪು. ಸಿಗಾರ್ ಸೊಪ್ಪಿಗೆ ಈ ಅವಸರ ಒಗ್ಗದು. ಅದನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ನೇತುಹಾಕಿ ನೆರಳಲ್ಲಿ ಒಣಗಿಸುತ್ತಾರೆ. ಬಳಿಕ ತುಸು ತೇವ ಮಾಡಿ ‘ಪಿಲೋನ್’ ಎಂಬ ದೊಡ್ಡ ರಾಶಿ ಒಟ್ಟುತ್ತಾರೆ. ಹಸಿ ಹುಲ್ಲಿನ ಬಣವೆಯ ಹಾಗೆ ರಾಶಿ ಒಳಗಿಂದ ಬಿಸಿಯೇರುತ್ತದೆ, ಅಮೋನಿಯದ ಘಾಟು ಹೊರಬೀಳುತ್ತದೆ. ಕಾವು ಮಿತಿ ಮೀರುವ ಮೊದಲು ರಾಶಿ ಒಡೆದು, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಒಟ್ಟಬೇಕು. ಇದು ತಿಂಗಳುಗಟ್ಟಲೆ ನಡೆದು, ಆಮೇಲೆ ಮೂಟೆಯಲ್ಲಿ ವರ್ಷಗಟ್ಟಲೆ ಮಾಗುವುದೂ ಉಂಟು. ಹೀಗೆ ಮಾಗಿದ ಒಂದು ವಿಶೇಷ ಎಲೆಯ ದಾಸ್ತಾನು ಮುಗಿಯಿತೆಂದರೆ ಆ ಬ್ಯಾಚ್ ಕೂಡ ಮುಗಿಯಿತು. ಮಿತ ಸಂಖ್ಯೆ ಎಂಬುದಕ್ಕೆ ಪ್ರಾಮಾಣಿಕ ಕಾರಣ ಇದೇ.

ತಪ್ಪು ಕಲ್ಪನೆ: ಬಣ್ಣ ಕಪ್ಪಾದಷ್ಟೂ ಸಿಗಾರ್ ಕಡಕ್.

ಸತ್ಯ: ‘ಮಡೂರೊ’ ಎಂಬ ಕಪ್ಪು ಹೊರ ಎಲೆ, ಅಂದರೆ ರ‍್ಯಾಪರ್ ನೋಡಿ ಹೆದರುವವರು ಬಹಳ. ಆ ಬಣ್ಣ ಬರುವುದು ದಪ್ಪ ಎಲೆಯನ್ನು ಹೆಚ್ಚು ಕಾಲ, ಹೆಚ್ಚು ಕಾವಿನಲ್ಲಿ ಮಾಗಿಸಿದ್ದರಿಂದ; ರುಚಿ ಎಷ್ಟೋ ಸಲ ಸಿಹಿಯ ಕಡೆ ವಾಲುತ್ತದೆ. ಕಡಕ್ ಅಂಶ ಮುಖ್ಯವಾಗಿ ಇರುವುದು ಒಳಗೆ ತುಂಬಿದ ಎಲೆಯಾದ ಫಿಲ್ಲರ್‌ನಲ್ಲಿ. ಗಿಡದ ಬುಡದ ಎಲೆ ‘ವೊಲಾಡೊ’ ಸಲೀಸಾಗಿ ಉರಿಯುತ್ತದೆ, ನಡುವಿನ ‘ಸೆಕೊ’ ಪರಿಮಳ ಕೊಡುತ್ತದೆ, ಬಿಸಿಲುಂಡು ದಪ್ಪವಾದ ಮೇಲಿನ ‘ಲಿಹೆರೊ’ದಲ್ಲಿ ನಿಕೋಟಿನ್ ಹೆಚ್ಚು. ಲಿಹೆರೊ ನಿಧಾನ ಉರಿಯುವುದರಿಂದ ಅದನ್ನು ಸಿಗಾರ್‌ನ ಮಧ್ಯಕ್ಕೆ ಇಡುತ್ತಾರೆ. ತೆಳು ಬಣ್ಣದ ಕನೆಕ್ಟಿಕಟ್ ರ‍್ಯಾಪರ್ ಹೊದ್ದ ಸಿಗಾರ್‌ನೊಳಗೆ ಲಿಹೆರೊ ಜಾಸ್ತಿಯಿದ್ದರೆ ತಲೆ ತಿರುಗುವುದು ಖಂಡಿತ.

ತಪ್ಪು ಕಲ್ಪನೆ: ಅಸಲಿ ಸಿಗಾರನ್ನು ಹೆಂಗಸರು ತೊಡೆಯ ಮೇಲೆ ಹೊಸೆಯುತ್ತಾರೆ.

ಸತ್ಯ: ಇದು ಗಂಡಸರ ಕಲ್ಪನೆ. ಕಾರ್ಖಾನೆಯಲ್ಲಿರುವುದು ಮೇಜು, ಹಲಗೆ, ‘ಚಾವೆತಾ’ ಎಂಬ ಬಾಗಿದ ಅಲಗಿನ ಕತ್ತಿ, ಒಂದಿಷ್ಟು ಸಸ್ಯದ ಅಂಟು. ನಿಕರಾಗುವಾದಲ್ಲಿ ಸಾಮಾನ್ಯವಾಗಿ ಇಬ್ಬರದು ಒಂದು ಜೋಡಿ. ಒಬ್ಬರು ಫಿಲ್ಲರ್ ಎಲೆಗಳನ್ನು ಗಾಳಿಯಾಡುವಂತೆ ಮಡಚಿ, ಅವನ್ನು ಹಿಡಿದಿಡುವ ಬೈಂಡರ್ ಎಲೆ ಸುತ್ತಿ, ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ಇನ್ನೊಬ್ಬರು ರ‍್ಯಾಪರ್ ಎಲೆಯನ್ನು ಹಲಗೆಯ ಮೇಲೆ ಹರಡಿ, ಅಂಚು ಕತ್ತರಿಸಿ, ಓರೆಯಾಗಿ ಸುತ್ತುತ್ತ ಬಂದು, ತುದಿಗೆ ಕ್ಯಾಪ್ ಅಂಟಿಸುತ್ತಾರೆ. ಮಡಿಕೆ ಬಿಗಿಯಾದರೆ ಹೊಗೆ ಬಾರದು, ಸಡಿಲವಾದರೆ ಬೇಗ ಸುಟ್ಟು ನಾಲಿಗೆ ಕಹಿಯಾಗುತ್ತದೆ.

ತಪ್ಪು ಕಲ್ಪನೆ: ಸಣ್ಣ ಬ್ಯಾಚ್ ಎಂದ ಮೇಲೆ ಗುಣಮಟ್ಟಕ್ಕೆ ಎರಡು ಮಾತಿಲ್ಲ.

ಸತ್ಯ: ಎರಡು ಮಾತು ಇದ್ದೇ ಇದೆ. ದೊಡ್ಡ ಕಂಪನಿಯ ಗೋದಾಮಿನಲ್ಲಿ ಹಲವು ಬೆಳೆಯ ಎಲೆ ಕೂಡಿಟ್ಟಿರುವುದರಿಂದ ವರ್ಷದಿಂದ ವರ್ಷಕ್ಕೆ ಒಂದೇ ರುಚಿ ಕಾಯ್ದುಕೊಳ್ಳುವುದು ಅವರಿಗೆ ಸುಲಭ. ಸಣ್ಣವರಿಗೆ ಆ ಬಂಡವಾಳ ಇರದು. ಹೊಸ ಮಿಶ್ರಣ, ಅಪರೂಪದ ಎಲೆ ಪ್ರಯತ್ನಿಸುವ ಧೈರ್ಯ ಅವರದು. ಈ ವರ್ಷದ್ದು ಹೋದ ವರ್ಷದಂತಿರದಿರುವ ಅಪಾಯವೂ ಅವರದೇ.

ತಪ್ಪು ಕಲ್ಪನೆ: ಫ್ರಿಜ್‌ನಲ್ಲಿಟ್ಟರೆ ಸಿಗಾರ್ ತಾಜಾ ಇರುತ್ತದೆ.

ಸತ್ಯ: ಫ್ರಿಜ್ ತೇವ ಹೀರಿ ಎಲೆಯನ್ನು ಒಣಗಿಸುತ್ತದೆ, ಜೊತೆಗೆ ಒಗ್ಗರಣೆಯ ವಾಸನೆ ಹತ್ತಿಸುತ್ತದೆ. ಬೇಕಾದದ್ದು ಶೇ 65ರಿಂದ 70ರಷ್ಟು ತೇವಾಂಶ ಹಿಡಿದಿಡುವ ಮುಚ್ಚಿದ ಪೆಟ್ಟಿಗೆ.

ತಪ್ಪು ಕಲ್ಪನೆ: ಸಿಗಾರ್ ಹೊಗೆಯನ್ನು ಒಳಗೆಳೆದುಕೊಳ್ಳುವುದಿಲ್ಲ, ಎಲೆಗೆ ರಾಸಾಯನಿಕ ಬೆರೆಸುವುದಿಲ್ಲ. ಆದ್ದರಿಂದ ತೊಂದರೆಯಿಲ್ಲ.

ಸತ್ಯ: ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದು. ಸಿಗಾರ್ ಹೊಗೆ ಕ್ಷಾರೀಯವಾದ್ದರಿಂದ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತ ಸೇರುತ್ತದೆ. ಸಿಗರೇಟಿನಲ್ಲಿರುವುದು ಒಂದು ಗ್ರಾಮಿಗಿಂತ ಕಡಿಮೆ ತಂಬಾಕು. ಒಂದು ದೊಡ್ಡ ಸಿಗಾರ್‌ನಲ್ಲಿ ಇಡೀ ಪ್ಯಾಕ್‌ನಷ್ಟು ಇರಬಹುದು. ಒಳಗೆಳೆಯದವರಿಗೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ವಿವರವಾದ ವರದಿ ಕೊಟ್ಟಿದೆ. ಸಿಗಾರ್ ಬಿಡಲಾಗದ ಮನೋವಿಶ್ಲೇಷಕ ಸಿಗ್ಮಂಡ್ ಫ್ರಾಯ್ಡ್‌ಗೆ 1923ರಲ್ಲಿ ದವಡೆಯ ಕ್ಯಾನ್ಸರ್ ಪತ್ತೆಯಾಗಿ, ಸಾಯುವವರೆಗೆ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಸಣ್ಣ ತಯಾರಕರ ಶ್ರದ್ಧೆಯಿಂದ ರುಚಿ ಹೆಚ್ಚಬಹುದು, ಅಪಾಯ ಕಡಿಮೆಯಾಗದು. ಈವರೆಗೆ ಸೇದದವರು ‘ಬೊಟಿಕ್’ ಎಂಬ ಹೆಸರಿಗೆ ಮರುಳಾಗಿ ಶುರುಮಾಡಬೇಕಾದ ಕಾರಣ ಒಂದೂ ಇಲ್ಲ.