ರಾತ್ರಿ ಒಂಬತ್ತರ ವೇಗ

ಕೇರಳದ ಎರ್ನಾಕುಳಂ ಜಿಲ್ಲೆಯ ಕಳಮಶ್ಶೇರಿಯಲ್ಲಿ ಹೊಸದಾಗಿ ಮನೆ ಮಾಡುವ ಕುಟುಂಬಕ್ಕೆ ಇಂಟರ್‌ನೆಟ್ ಕೊಡುವವರ ಕೊರತೆಯಿಲ್ಲ. ಬಿಎಸ್‌ಎನ್‌ಎಲ್, ಏಷ್ಯಾನೆಟ್, ಕೇರಳ ವಿಷನ್, ಜಿಯೊ, ಏರ್‌ಟೆಲ್ ಇವೆ. 2023ರ ಜೂನ್ 5ರಂದು ಉದ್ಘಾಟನೆಯಾದ ರಾಜ್ಯ ಸರ್ಕಾರದ ಕೆ-ಫೋನ್ ಕೂಡ ಇದೆ. ಎಲ್ಲರ ಜಾಹೀರಾತಿನಲ್ಲೂ ದಪ್ಪಕ್ಷರದಲ್ಲಿರುವುದು ವೇಗದ ಅಂಕಿಯೇ: 50, 100, 300 ಎಂಬಿಪಿಎಸ್. ಮುಖ್ಯವಾಗಿ ಟಿವಿ ನೋಡಲೆಂದು ಸಂಪರ್ಕ ಪಡೆಯುವವರು ಈ ಅಂಕಿಯನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು ಎಂಬುದು ನನ್ನ ವಾದ. ಮೊದಲು ಕೇಳಬೇಕಾದದ್ದು, ಊರಿನವರೆಲ್ಲ ಟಿವಿ ಮುಂದೆ ಕೂತಿರುವ ರಾತ್ರಿ ಒಂಬತ್ತಕ್ಕೆ ಆ ವೇಗದಲ್ಲಿ ಎಷ್ಟು ಉಳಿದಿರುತ್ತದೆ ಎಂಬುದನ್ನು.

ಟಿವಿಗೆ ನಿಜವಾಗಿ ಬೇಕಾದದ್ದು ಬಹಳ ಕಡಿಮೆ. ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಇದ್ದರೆ ಆಯಿತು. ಹಾಲ್‌ನಲ್ಲೊಂದು 4ಕೆ ಟಿವಿ, ಕೋಣೆಯಲ್ಲಿ ಇನ್ನೊಂದು ಎಚ್‌ಡಿ ಟಿವಿ, ಮೂರ್ನಾಲ್ಕು ಮೊಬೈಲ್ ಒಟ್ಟಿಗೆ ನಡೆದರೂ 40 ಎಂಬಿಪಿಎಸ್ ದಾಟುವುದು ಅಪರೂಪ. ಹಾಗಿದ್ದರೆ 100ರ ಸಂಪರ್ಕ ಇರುವ ಮನೆಯಲ್ಲೂ ಪರದೆಯ ನಡುವೆ ಆ ಚಕ್ರ ತಿರುಗುತ್ತಾ ನಿಲ್ಲುವುದೇಕೆ? ವಿಡಿಯೊ ಬರುವ ರೀತಿಯಲ್ಲೇ ಉತ್ತರವಿದೆ. ಸಿನಿಮಾ ಒಂದೇ ಉದ್ದದ ಕಡತವಾಗಿ ಬರುವುದಿಲ್ಲ. ಕೆಲವೇ ಸೆಕೆಂಡುಗಳ ತುಣುಕುಗಳಾಗಿ, ಪ್ರತಿ ತುಣುಕೂ ನಾಲ್ಕೈದು ಗುಣಮಟ್ಟಗಳಲ್ಲಿ ಸಿದ್ಧವಾಗಿರುತ್ತದೆ. ಲೈನ್ ಚೆನ್ನಾಗಿದ್ದರೆ ಟಿವಿ ಒಳ್ಳೆಯ ತುಣುಕನ್ನು ತರಿಸುತ್ತದೆ, ಸೊರಗಿದರೆ ಮಸುಕಾದದ್ದನ್ನು ತರಿಸುತ್ತದೆ, ಮುಂದಿನ ಒಂದಷ್ಟನ್ನು ಕೂಡಿಟ್ಟುಕೊಂಡಿರುತ್ತದೆ. ಹಾಗಾಗಿ ಸಿನಿಮಾ ನೋಡುವಾಗ ಲೈನ್ ಅರೆನಿಮಿಷ ಕುಸಿದರೂ ನಮಗೆ ತಿಳಿಯುವುದಿಲ್ಲ. ನೇರ ಪ್ರಸಾರದ ಕ್ರಿಕೆಟ್ಟಿಗೆ ಆ ಅನುಕೂಲವಿಲ್ಲ. ಇನ್ನೂ ನಡೆಯದ ಆಟವನ್ನು ಮೊದಲೇ ಕೂಡಿಡುವುದು ಹೇಗೆ? 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ಅನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 5.9 ಕೋಟಿ ಜನ ನೋಡಿದರು. ಅಂಥ ರಾತ್ರಿ ಕ್ಷಣಕ್ಕೆ 300 ಮುಟ್ಟಿ ಮತ್ತೆ 4ಕ್ಕೆ ಇಳಿಯುವ ಲೈನಿಗಿಂತ ಅಲುಗಾಡದ 30 ಎಂಬಿಪಿಎಸ್ ಎಷ್ಟೋ ಮೇಲು.

ಲೈನ್ ಸೊರಗುವುದು ಎಲ್ಲಿ? ಬೀದಿಯ ಫೈಬರಿನಲ್ಲಲ್ಲ ಎಂದು ಸಣ್ಣ ಗುಣಾಕಾರವೇ ತೋರಿಸುತ್ತದೆ. ಮನೆಗಳಿಗೆ ಫೈಬರ್ ಕೊಡಲು ಹೆಚ್ಚಾಗಿ ಬಳಸುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯ ಸುಮಾರು 2,488 ಎಂಬಿಪಿಎಸ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅರುವತ್ನಾಲ್ಕು ಮನೆಗಳಲ್ಲೂ ಒಂದೇ ಹೊತ್ತಿಗೆ 4ಕೆ ಸಿನಿಮಾ ಓಡಿದರೂ ಬೇಕಾಗುವುದು 960 ಎಂಬಿಪಿಎಸ್, ಅರ್ಧಕ್ಕಿಂತ ಕಡಿಮೆ. ಇಕ್ಕಟ್ಟಾಗುವುದು ಅದಕ್ಕೂ ಹಿಂದೆ, ಆಪರೇಟರ್ ಮೇಲಿನವರಿಂದ ಕೊಳ್ಳುವ ಬ್ಯಾಂಡ್‌ವಿಡ್ತ್‌ನಲ್ಲಿ; ಇಲ್ಲವೇ ಇತ್ತ, ನಮ್ಮದೇ ಮನೆಯ ಗೋಡೆಗಳ ನಡುವೆ. ಈ ಎರಡನ್ನೂ ಜಾಹೀರಾತಿನ ಅಂಕಿ ಹೇಳುವುದಿಲ್ಲ.

ಮೊದಲನೆಯದಕ್ಕೆ ಕನ್ನಡದ ಮನೆಗಳಿಗೇ ತಟ್ಟುವ ಒಂದು ಮುಖವಿದೆ. ನೆಟ್‌ಫ್ಲಿಕ್ಸ್, ಯೂಟ್ಯೂಬ್‌ನಂಥವರು ತಮ್ಮ ವಿಡಿಯೊಗಳ ಪ್ರತಿಗಳನ್ನು ಇಂಟರ್‌ನೆಟ್ ಕಂಪನಿಗಳ ಜಾಲದೊಳಗೇ ಇಟ್ಟ ಸರ್ವರ್‌ಗಳಲ್ಲಿ ತುಂಬಿಸಿರುತ್ತಾರೆ. ಅಲ್ಲಿ ಜಾಗ ಸಿಗುವುದು ಆ ಸೀಮೆಯ ಜನ ಹೆಚ್ಚಾಗಿ ನೋಡುವುದಕ್ಕೆ. ಎರ್ನಾಕುಳಂ ಜಿಲ್ಲೆಯಲ್ಲಿ ಹೊಸ ಮಲಯಾಳಂ ಸಿನಿಮಾ ಪಕ್ಕದಿಂದಲೇ ಬಂದೀತು; ಕೆಲವೇ ಮನೆಗಳು ನೋಡುವ ಕನ್ನಡ ಧಾರಾವಾಹಿ ದೂರದ ಇನ್ನೊಂದು ನಗರದ ಸರ್ವರ್‌ನಿಂದ, ಆಪರೇಟರ್ ಕೊಂಡ ಬ್ಯಾಂಡ್‌ವಿಡ್ತ್ ಮೇಲೆಯೇ ಬರಬೇಕಾದೀತು. ಸಮುದ್ರದಡಿಯ ಕೇಬಲ್‌ಗಳು ಕೊಚ್ಚಿಗೇ ಬಂದು ಸೇರುವುದರಿಂದ ಇದೇನೂ ಬದಲಾಗದು. ಆದ್ದರಿಂದ ಸ್ಪೀಡ್ ಟೆಸ್ಟ್ ಆ್ಯಪ್ ಒತ್ತಿ ಸಮಾಧಾನಪಟ್ಟುಕೊಳ್ಳಬಾರದು. ಆ ಪರೀಕ್ಷೆ ಸಾಮಾನ್ಯವಾಗಿ ಹತ್ತಿರದ ಸರ್ವರನ್ನೇ ಹುಡುಕಿ ಅಳೆಯುತ್ತದೆ. ಅದೇ ಕಂಪನಿಯ ಲೈನ್ ಇರುವ ಪಕ್ಕದ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಝೀ5 ಅಥವಾ ಸನ್ ನೆಕ್ಸ್ಟ್‌ನಲ್ಲಿ ಕನ್ನಡ ಕಾರ್ಯಕ್ರಮ ಹಾಕಿ ಅರ್ಧ ಗಂಟೆ ನೋಡಿದರೆ ಸಿಗುವ ಸಾಕ್ಷ್ಯವೇ ಬೇರೆ.

ದೊಡ್ಡ ಕಂಪನಿಯಾದರೆ ನಂಬಬಹುದು, ಬೀದಿಯ ಕೇಬಲ್ ಆಪರೇಟರನ್ನು ನೆಚ್ಚುವುದು ಹೇಗೆ ಎಂದು ಕೇಳುವವರಿದ್ದಾರೆ. ಕೇರಳದ ಅನುಭವ ಹಾಗೆ ಹೇಳುವುದಿಲ್ಲ. ಕೇರಳ ವಿಷನ್ ಕಟ್ಟಿದವರು ಸಣ್ಣ ಕೇಬಲ್ ಆಪರೇಟರ್‌ಗಳೇ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ವರದಿಗಳಲ್ಲಿ ತಂತಿ ಬ್ರಾಡ್‌ಬ್ಯಾಂಡ್‌ನ ದೇಶದ ಮೊದಲ ಐದು ಕಂಪನಿಗಳ ಸಾಲಿನಲ್ಲಿ ಅದರ ಹೆಸರು ಬಂದಿದೆ. ಕೆ-ಫೋನ್ ಕೂಡ ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ಸಾಗಿ, ಕೊನೆಯ ದಾರಿಗೆ ಸ್ಥಳೀಯ ಆಪರೇಟರ್‌ಗಳನ್ನೇ ಆಶ್ರಯಿಸಿದೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಊರಿನಲ್ಲಿ ಕೊಂಬೆ ಬಿದ್ದು ಫೈಬರ್ ಕಡಿದರೆ ಅದೇ ದಿನ ಏಣಿ ಹಿಡಿದು ಬರುವವರು ಯಾರು ಎಂಬುದು ಕಂಪನಿಯ ಗಾತ್ರಕ್ಕಿಂತ ದೊಡ್ಡ ಪ್ರಶ್ನೆ. ಲೈನ್ ಹಾಕಿಸುವ ದಿನವೇ ಒಂದು ಕೆಲಸ ಮಾಡಬಹುದು: ಮೋಡೆಮ್‌ಗೆ ಸಿಕ್ಕಿಸುವ ಮುಂಚೆ ಪವರ್ ಮೀಟರ್ ಹಿಡಿದು ಬೆಳಕು ಎಷ್ಟು ಬರುತ್ತಿದೆ ಎಂದು ತೋರಿಸಲು ಕೇಳುವುದು. ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ಚಿಂತೆಯಿಲ್ಲ. ಮೈನಸ್ 27ರ ಹತ್ತಿರ ಬಂದರೆ ಲೈನ್ ಅಂಚಿನಲ್ಲಿದೆ ಎಂದರ್ಥ; ಜೋಡಣೆಯಲ್ಲೋ ಕಿಟಕಿಯ ಸಂದಿನ ಮಡಿಕೆಯಲ್ಲೋ ಬೆಳಕು ಸೋರುತ್ತಿರುತ್ತದೆ, ಇನ್ನೊಂದಿಷ್ಟು ಸೋರಿದರೆ ಮೋಡೆಮ್‌ನಲ್ಲಿ ಬೆಳಕು ಬರುತ್ತಿಲ್ಲವೆಂದು ಸೂಚಿಸುವ ಎಲ್‌ಒಎಸ್ ದೀಪ ಕೆಂಪಾಗಿ ಮಿನುಗತೊಡಗುತ್ತದೆ. ಲೈನ್‌ಮನ್ ಹೊರಟುಹೋಗುವ ಮೊದಲು ಅದನ್ನು ಸರಿಮಾಡಿಸಿಕೊಳ್ಳುವುದು ಸುಲಭ.

ತಂತಿಯ ಗೊಡವೆಯೇ ಬೇಡ, 5ಜಿ ಏರ್‌ಫೈಬರ್ ಸಾಲದೇ ಎಂಬುದು ಇನ್ನೊಂದು ಆಕ್ಷೇಪ. ಕುಸಾಟ್ ವಿಶ್ವವಿದ್ಯಾಲಯದ ಸುತ್ತಮುತ್ತ ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವವರಿಗೆ, ಫೈಬರ್ ಬಾರದ ಬೀದಿಯವರಿಗೆ ಅದು ಸರಿಯಾದ ಆಯ್ಕೆಯೇ. ಆದರೆ ಟವರಿನ ಸಾಮರ್ಥ್ಯವನ್ನು ಸುತ್ತಲಿನ ಮೊಬೈಲ್‌ಗಳೂ ಹಂಚಿಕೊಳ್ಳುತ್ತವೆ. ಒತ್ತಡ ಏರುವುದು ನಾವು ಟಿವಿ ಹಾಕುವ ಅದೇ ಹೊತ್ತಿಗೆ. ಡೇಟಾ ಮಿತಿಯನ್ನೂ ಲೆಕ್ಕ ಹಾಕಬೇಕು. 4ಕೆ ಚಿತ್ರ ಗಂಟೆಗೆ 7 ಜಿಬಿವರೆಗೂ ನುಂಗುತ್ತದೆ. ದಿನಕ್ಕೆ ನಾಲ್ಕು ಗಂಟೆ ನೋಡಿದರೆ ತಿಂಗಳಿಗೆ 840 ಜಿಬಿ. 1,000 ಜಿಬಿಯ ಮಿತಿಯಿದ್ದರೆ ಉಳಿದವರ ಮೊಬೈಲ್ ಸೇರಿ ತಿಂಗಳ ಕೊನೆಗೆ ವೇಗ ಇಳಿಯುವ ಸಾಧ್ಯತೆ ಹೆಚ್ಚು. 3,000 ಜಿಬಿ ದಾಟಿದ ಮಿತಿಯಾದರೆ ಆ ಭಯವಿಲ್ಲ.

ತಿಂಗಳಿಗೆ ಇನ್ನೂರು ರೂಪಾಯಿ ಹೆಚ್ಚು ಕೊಟ್ಟರೆ ದೊಡ್ಡ ವೇಗವೇ ಸಿಗುವಾಗ ಇಷ್ಟೆಲ್ಲ ಯಾಕೆ ಎನ್ನಬಹುದು. ಆ ಹಣ ತಪ್ಪು ಜಾಗಕ್ಕೆ ಹೋಗುತ್ತದೆ ಎಂಬುದೇ ನನ್ನ ತಕರಾರು. ಕೆಂಪುಕಲ್ಲಿನ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ವೈಫೈನ 5 ಗಿಗಾಹರ್ಟ್ಸ್ ಅಲೆ ಬಸವಳಿದಿರುತ್ತದೆ. ಗೋಡೆ ದಾಟಬಲ್ಲ 2.4ರಲ್ಲಿ ಒಂದಕ್ಕೊಂದು ತಗಲದ ಚಾನೆಲ್‌ಗಳು ಮೂರೇ. ಫ್ಲ್ಯಾಟುಗಳಲ್ಲಿ ಅಕ್ಕಪಕ್ಕದವರೆಲ್ಲ ಅವನ್ನೇ ತುಳಿಯುತ್ತಿರುತ್ತಾರೆ. ರೂಟರ್‌ನಿಂದ ಟಿವಿಗೆ ಒಂದು ಲ್ಯಾನ್ ಕೇಬಲ್ ಎಳೆದರೆ ಈ ತೊಂದರೆ ಮುಗಿಯುತ್ತದೆ. ಅನೇಕ ಟಿವಿಗಳ ಲ್ಯಾನ್ ಕಿಂಡಿಯೇ 100 ಎಂಬಿಪಿಎಸ್‌ಗೆ ಸೀಮಿತ, ಅದಕ್ಕಿಂತ ಮೇಲಿನದನ್ನು ಕೊಂಡರೂ ಟಿವಿಗೆ ಮುಟ್ಟುವುದಿಲ್ಲ. ಮಿಕ್ಕ ಹಣದಲ್ಲಿ ರೂಟರ್‌ಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಕೊಳ್ಳಬಹುದು: ಬೆಳಕನ್ನು ಮನೆಗಳಿಗೆ ಹಂಚುವ, ಕಂಬದ ಮೇಲಿನ ಸ್ಪ್ಲಿಟರ್‌ಗೆ ಕರೆಂಟ್ ಬೇಕಿಲ್ಲ, ಆದ್ದರಿಂದ ಮನೆಯಲ್ಲಿ ಟಿವಿಗೆ ಇನ್ವರ್ಟರ್ ಇದ್ದು, ಆಪರೇಟರ್ ಕಚೇರಿಯಲ್ಲಿ ಬ್ಯಾಟರಿ ಇದ್ದರೆ, ಕರೆಂಟ್ ಹೋದಾಗಲೂ ಪಂದ್ಯ ನಿಲ್ಲದು. ಆರು ತಿಂಗಳ, ವರ್ಷದ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಕೊಡುತ್ತೇವೆ ಎಂದು ಆಪರೇಟರ್ ಹೇಳುತ್ತಾನೆ. ಮೊದಲಿಗೆ ಒಂದೊಂದೇ ತಿಂಗಳು ಕಟ್ಟಿ, ಜೂನ್ ಜುಲೈಯ ಮಳೆಯಲ್ಲಿ ಲೈನ್ ಹೇಗಿರುತ್ತದೆ ಎಂದು ನೋಡಿದ ಮೇಲೆ ಆ ರಿಯಾಯಿತಿಯ ಮಾತಿಗೆ ಒಪ್ಪಿಕೊಂಡರೆ ಸಾಕು.