ಮೊದಲ ಹಿಮ, ಮೊಂಡು ಪೋರ್ಷೆ

ಮಾಂಟ್ರಿಯಲ್. ನವೆಂಬರ್ ಕೊನೆ. ರಾತ್ರಿಯಿಡೀ ಹಿಮ ಬಿದ್ದಿದೆ. ಸಣ್ಣದೊಂದು ಏರು, ಹಳೇ ಹ್ಯಾಚ್‌ಬ್ಯಾಕ್ ಸಲೀಸಾಗಿ ಹತ್ತಿಹೋಯ್ತು. 400 ಅಶ್ವಶಕ್ತಿ ದಾಟಿದ ಪೋರ್ಷೆ 911 ಮಾತ್ರ ನಿಂತಲ್ಲೇ ಚಕ್ರ ತಿರುಗಿಸ್ತಿದೆ!

ತಪ್ಪು ಎಂಜಿನ್‌ದಲ್ಲ, ಟೈರಿಂದು. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯಾಗ್ತಾ ಹೋಗುತ್ತೆ. ಚಳಿಗೆ ಗಟ್ಟಿಯಾದ ಕೊಬ್ಬರಿ ಎಣ್ಣೆ ನೆನಪಿಸಿಕೊಳ್ಳಿ. ಚಳಿಗಾಲದ ಟೈರು ಆಗಲೂ ಮೆತ್ತಗೇ ಇರುತ್ತೆ. ಅದರ ಮೈತುಂಬ ಬ್ಲೇಡಿನಲ್ಲಿ ಗೀರಿದಂಥ ಸೀಳುಗಳು. ಅವು ಹಿಮವನ್ನ ಕಚ್ಚಿ ಹಿಡಿಯುತ್ತವೆ. ತಮಾಷೆ ನೋಡಿ, ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟೋದು. ಹಿಮದುಂಡೆ ಉರುಳಿಸೋ ಮಕ್ಕಳಿಗೆ ಇದು ಗೊತ್ತು.

“ನಂದು ಆಲ್ ವೀಲ್ ಡ್ರೈವ್” ಅಂತೀರಾ? ಅದು ಹೊರಡಿಸುತ್ತೆ, ನಿಲ್ಲಿಸೋದಿಲ್ಲ.

911ರ ಎಂಜಿನ್ ಇರೋದು ಹಿಂದೆ, ಭಾರವೂ ಹಿಂಚಕ್ರಗಳ ಮೇಲೆ. ಹಾಗಾಗಿ ಸರಿಯಾದ ಟೈರು ಹಾಕಿದರೆ ಏರಿನಲ್ಲಿ ಇದೇ ಜಾಣ. ಆದರೆ ತಿರುವಿನ ನಡುವೆ ಥಟ್ಟನೆ ಆಕ್ಸಿಲರೇಟರ್ ಬಿಟ್ಟಿರೋ, ಕಾರಿನ ಬಾಲ ಪಕ್ಕಕ್ಕೆ ಹೊರಳಬಹುದು. ಕಾಲು ಮೆಲ್ಲಗಿರಲಿ.

ಕೊಳ್ಳುವಾಗ ಟೈರಿನ ಪಕ್ಕೆ ನೋಡಿ: ಮೂರು ಶಿಖರದ ಬೆಟ್ಟ, ಒಳಗೊಂದು ಹಿಮದ ಹರಳು, ಈ ಗುರುತು ಇರಬೇಕು. ಮಾಂಟ್ರಿಯಲ್ ಇರೋ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಪೋರ್ಷೆಗೂ ವಿನಾಯಿತಿ ಇಲ್ಲ.