ಮಕ್ಕಳಿಗೆ ತಗ್ಗಿನ ಹಿಮವೇ ಸಾಕು

ಐದು ವರ್ಷದ ಮಗಳಿಗೆ ಸ್ಕೀಯಿಂಗ್ ಕಲಿಸಲು ಜಾಗ ಹುಡುಕುವಾಗ ನಾನು ಶಿಖರದ ಎತ್ತರ ನೋಡಲಿಲ್ಲ. ತಗ್ಗಿನಲ್ಲಿ ಹಿಮ ಎಷ್ಟು ಸಮತಟ್ಟಾಗಿದೆ ಎಂದು ನೋಡಿದೆ. ಕಾಶ್ಮೀರದ ಗುಲ್ಮಾರ್ಗ್ ಹಿಡಿಸಿದ್ದು ಅದಕ್ಕೇ. ಸುಮಾರು 2,650 ಮೀಟರ್ ಎತ್ತರದ ಆ ಬಟ್ಟಲಿನಂಥ ಹುಲ್ಲುಗಾವಲಿನಲ್ಲಿ, ಹೋಟೆಲುಗಳ ಸಮೀಪದಲ್ಲೇ, ಹೊಸಬರಿಗೆ ಒಗ್ಗುವ ಇಳಿಜಾರುಗಳಿವೆ. ಕೈ ಮರಗಟ್ಟಿ ಮಗು ಅತ್ತರೆ ಬೇಗ ಕೋಣೆ ಸೇರಿ ಬಿಸಿ ಹಾಲು ಕುಡಿಸಬಹುದು. ನನಗಂತೂ ಇದೇ ಮೊದಲ ಅರ್ಹತೆ.

ಇಲ್ಲಿನ ಕೇಬಲ್ ಕಾರ್ ಆದ ಗೊಂಡೋಲಾದ ಮೊದಲ ಹಂತದಲ್ಲಿ, ಕೊಂಗ್‌ಡೂರಿವರೆಗೆ, ಮಕ್ಕಳೊಡನೆ ಹೋಗಿಬನ್ನಿ. ಎರಡನೆಯದು ಅಫರ್ವಾತ್ ಪರ್ವತದ ಮೇಲೆ ಸುಮಾರು 3,950 ಮೀಟರಿಗೆ ಒಯ್ಯುತ್ತದೆ. ಅಲ್ಲಿ ಗಾಳಿ ತೆಳು, ಇಳಿಜಾರು ಕಡಿದು, ಹಿಮಕುಸಿತದ ಭಯವೂ ಉಂಟು. ಪುಟ್ಟ ಮಕ್ಕಳಿಗೆ ಅದು ಬೇಡವೇ ಬೇಡ.

ಬೆಂಗಳೂರಿನಿಂದ ಬಂದ ದಿನವೇ ಸ್ಕೀ ಕಟ್ಟಬೇಡಿ. ಮಗು ಹಿಮದಲ್ಲಿ ಸುಮ್ಮನೆ ಆಡಲಿ. ಹೆಲ್ಮೆಟ್, ಬೂಟು ಮಗುವಿನ ಅಳತೆಗೆ ಸಿಗದಿದ್ದರೆ ಆ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗಿ.